ತೊಳೆದದ್ದನ್ನೇ ಮತ್ತೆ ತೊಳೆಯುವುದೇಕೆ?

ದೀಪಾವಳಿಗೆ ಊರಿಗೆ ಬಂದಿದ್ದ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಸಂಜೆ ಮನೆಗೆ ಬಂದ. ಬೆಂಗಳೂರಿನಲ್ಲಿ ತಂತ್ರಾಂಶ ಬರೆಯುವ ಕೆಲಸ. ಕೈಗೆ ಕೊಟ್ಟ ಕಾಫಿ ತಣ್ಣಗಾಗುತ್ತಿದ್ದರೂ ಕುಡಿಯದೆ ಕೂತಿದ್ದ.

“ಏನಪ್ಪಾ, ಮೈಗೆ ಹುಷಾರಿಲ್ಲವೇ?” ಎಂದು ಕೇಳಿದೆ.

“ಹುಷಾರಾಗಿದ್ದೇನೆ ಸಾರ್. ಒಂದು ಸಾಲು ಅಳಿಸಿದೆ. ಬೇಡದ ಸಾಲು ಅಂದುಕೊಂಡು ಅಳಿಸಿದೆ. ಅದರಿಂದ ಒಬ್ಬ ಅಜ್ಜಿ ಮೂರು ಸಲ ಬಸ್ಸು ಹತ್ತಿ ಬಂದು ಬರಿಗೈಯಲ್ಲಿ ಹೋದರು” ಎಂದ.

ಆ ಸಾಲಿನ ಕಥೆಯೇ ಈ ವಾರದ ಅಂಕಣ.

ಅವನ ಕಂಪನಿಯವರು ಒಂದು ಸಹಕಾರ ಸಂಘದ ಸಾಲದ ಲೆಕ್ಕವನ್ನು ಗಣಕಯಂತ್ರದಲ್ಲಿ ಇಟ್ಟುಕೊಡುತ್ತಾರೆ. ಒಂದು ಪಟ್ಟಿಯಲ್ಲಿ ಜಮೀನಿನ ಸರ್ವೆ ನಂಬರುಗಳು, ಇನ್ನೊಂದರಲ್ಲಿ ಬೆಳೆಸಾಲ ಪಡೆದವರ ವಿವರ. ಸರ್ವೆ ನಂಬರಿನ ಮೂಲಕ ಎರಡನ್ನೂ ಜೋಡಿಸಿ, ಬಡ್ಡಿ ರಿಯಾಯಿತಿಗೆ ಅರ್ಹರಾದವರ ಹೆಸರು ತೆಗೆಯಬೇಕು. ವರ್ಷಗಟ್ಟಲೆ ಸರಿಯಾಗಿ ನಡೆದದ್ದು, ಒಂದು ತಿಂಗಳು ಮಾತ್ರ ಕೆಲವು ಹೆಸರುಗಳು ಪಟ್ಟಿಯಿಂದ ಮಾಯ. ಗಣಕದಲ್ಲಿ ಒಂದೊಂದಾಗಿ ತೆಗೆದು ನೋಡಿದರೆ ಅಲ್ಲೂ 112/2, ಇಲ್ಲೂ 112/2. ಆದರೆ ಎರಡನ್ನೂ ಜೋಡಿಸಿ ಎಂದರೆ, ಜೋಡಿ ಇಲ್ಲ ಎನ್ನುತ್ತದೆ ಗಣಕ! ಗುಮಾಸ್ತರು ಏನು ಮಾಡಬೇಕು? “ನಿಮ್ಮ ನಂಬರು ಪಟ್ಟಿಯಲ್ಲಿ ಬಂದಿಲ್ಲ ಅಜ್ಜಿ, ಮುಂದಿನ ವಾರ ಬನ್ನಿ” ಎಂದರು. ಮೂರು ವಾರ ಹಾಗೆಯೇ ಅಂದರು.

ಇದು ಹೇಗೆ ಆಯಿತು ಎಂದು ತಿಳಿಯಲು ಸ್ವಲ್ಪ ಹಿನ್ನೆಲೆ ಬೇಕು.

ಇಂಥ ಲೆಕ್ಕವನ್ನು ಇಟ್ಟುಕೊಳ್ಳುವ ತಂತ್ರಾಂಶಕ್ಕೆ ಡೇಟಾಬೇಸ್ ಎಂದು ಹೆಸರು. ಪೋಸ್ಟ್‌ಗ್ರೆಸ್ ಎಂಬುದು ಅಂಥ ಪ್ರಸಿದ್ಧ ಡೇಟಾಬೇಸುಗಳಲ್ಲಿ ಒಂದು. ಅಮೆರಿಕದ ಬರ್ಕ್ಲಿಯಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಮೈಕೇಲ್ ಸ್ಟೋನ್‌ಬ್ರೇಕರ್ ಅವರ ನೇತೃತ್ವದಲ್ಲಿ 1986ರಲ್ಲಿ ಈ ಯೋಜನೆ ಆರಂಭವಾಯಿತು. 1996ರಲ್ಲಿ ಅದಕ್ಕೆ ಪೋಸ್ಟ್‌ಗ್ರೆ-ಎಸ್‌ಕ್ಯೂಎಲ್ ಎಂದು ಹೆಸರಾಯಿತು. ಇಂದು ಯಾರು ಬೇಕಾದರೂ ಹಣ ಕೊಡದೆ ಬಳಸಬಹುದು, ಅದರ ಒಳಗನ್ನು ತೆರೆದು ಓದಬಹುದು.

ಸ್ಟೋನ್‌ಬ್ರೇಕರ್ ಅವರಿಗೆ ಮೊದಲಿನಿಂದಲೂ ಒಂದು ಹಂಬಲವಿತ್ತು. ಡೇಟಾಬೇಸಿಗೆ ಅಂಕಿ, ಅಕ್ಷರ, ತಾರೀಕು ಮಾತ್ರ ತಿಳಿದಿದ್ದರೆ ಸಾಲದು. ಬಳಸುವವರು ತಮಗೆ ಬೇಕಾದ ಹೊಸ ಜಾತಿಯ ಮಾಹಿತಿಯನ್ನು ಅದಕ್ಕೆ ಕಲಿಸುವಂತಿರಬೇಕು. ಹೀಗೆ ಹೊರಗಿನಿಂದ ಸೇರಿಸುವ ತುಂಡಿಗೆ ಎಕ್ಸ್‌ಟೆನ್ಷನ್ ಎನ್ನುತ್ತಾರೆ. ನಾವು ವಿಸ್ತರಣೆ ಎನ್ನೋಣ. ನಕಾಶೆಗಳನ್ನು ನಿಭಾಯಿಸುವ ಪೋಸ್ಟ್-ಜಿಐಎಸ್ ಅಂಥದ್ದೊಂದು. ಕೃತಕ ಬುದ್ಧಿಮತ್ತೆಯವರು ಬಳಸುವ ಪಿಜಿವೆಕ್ಟರ್ ಇನ್ನೊಂದು.

ನನ್ನ ಶಿಷ್ಯನ ಕಂಪನಿಯಲ್ಲೂ ಸರ್ವೆ ನಂಬರಿಗಾಗಿ ಒಂದು ಪುಟ್ಟ ವಿಸ್ತರಣೆ ಬರೆದಿಟ್ಟಿದ್ದರು. ಕಾರಣವಿದೆ. ಬರೀ ಅಕ್ಷರಗಳೆಂದು ತಿಳಿದರೆ ಗಣಕ 112/10ನ್ನು 112/2ಕ್ಕಿಂತ ಮೊದಲು ಕೂರಿಸುತ್ತದೆ. ಹತ್ತು ಎರಡಕ್ಕಿಂತ ದೊಡ್ಡದು ಎಂದು ಅದಕ್ಕೆ ಯಾರಾದರೂ ಹೇಳಿಕೊಡಬೇಕಲ್ಲ! ಬರೆದ ಹಿರಿಯರು ಕೆಲಸ ಬಿಟ್ಟು ಹೋದರು. ಅದನ್ನು ನೋಡಿಕೊಳ್ಳುವ ಹೊಣೆ ಇವನ ಹೆಗಲಿಗೆ ಬಂತು.

ಇಲ್ಲಿ ಓದುಗರು ಗಮನಿಸಬೇಕಾದ ಸಂಗತಿ ಒಂದಿದೆ. ಸಿ ಭಾಷೆಯಲ್ಲಿ ಬರೆದ ವಿಸ್ತರಣೆ ಹೊರಗೆ ಜಗಲಿಯ ಮೇಲೆ ಕೂತು ಕೆಲಸ ಮಾಡುವುದಿಲ್ಲ. ನೇರವಾಗಿ ಅಡುಗೆಮನೆಗೇ ಬರುತ್ತದೆ. ಡೇಟಾಬೇಸಿನದೇ ನೆನಪಿನ ಜಾಗದಲ್ಲಿ ಅದರದೂ ಓಡಾಟ. ಅದು ಎಡವಿ ಬಿದ್ದರೆ, ಆ ಕ್ಷಣದಲ್ಲಿ ಬೇರೆ ಬೇರೆ ಕಡೆಯಿಂದ ಕೆಲಸ ಮಾಡುತ್ತಿರುವ ಎಲ್ಲರ ಸಂಪರ್ಕವನ್ನೂ ಪೋಸ್ಟ್‌ಗ್ರೆಸ್ ಕಡಿದುಹಾಕುತ್ತದೆ. ಎಲ್ಲರೂ ಹಂಚಿಕೊಂಡಿರುವ ನೆನಪು ಕೆಟ್ಟಿರಬಹುದೆಂಬ ಭಯದಿಂದ ಎಲ್ಲವನ್ನೂ ಒರೆಸಿ ಹೊಸದಾಗಿ ಶುರು ಮಾಡುತ್ತದೆ. ಒಬ್ಬ ತಟ್ಟೆ ಬೀಳಿಸಿದ್ದಕ್ಕೆ ಇಡೀ ಪಂಕ್ತಿ ಏಳಬೇಕಾದ ಹಾಗೆ.

ಆದ್ದರಿಂದಲೇ ಪೋಸ್ಟ್‌ಗ್ರೆಸ್ಸಿನಲ್ಲಿ ನೆನಪನ್ನು ಹಂಚುವುದಕ್ಕೆ ಒಂದು ಕಟ್ಟುಪಾಡು ಇದೆ. ಅದನ್ನು ಅವನು ಇಂಗ್ಲಿಷಿನಲ್ಲಿ ಹೇಳಿದ. ನಾನು ನಮ್ಮ ಶಾಲೆಯ ಭಾಷೆಗೆ ತಂದುಕೊಂಡೆ.

ನಮ್ಮ ಶಾಲೆಯಲ್ಲಿ ತರಗತಿಯ ಕರಿಹಲಗೆ ಇದೆ. ಒಂದು ಪೀರಿಯಡ್ ಮುಗಿದ ಕೂಡಲೇ ಅದನ್ನು ಒರೆಸಿಬಿಡುತ್ತಾರೆ. ಸ್ಟಾಫ್ ರೂಮಿನಲ್ಲಿ ಇನ್ನೊಂದು ಹಲಗೆ, ಅದನ್ನು ದಿನಕ್ಕೊಮ್ಮೆ ಒರೆಸುತ್ತಾರೆ. ಹೆಡ್‌ಮಾಸ್ಟರರ ಕೋಣೆಯ ಹೊರಗೆ ನೋಟಿಸ್ ಬೋರ್ಡು. ಅಲ್ಲಿ ಅಂಟಿಸಿದ್ದು ವರ್ಷವಿಡೀ ಇರುತ್ತದೆ. ಪೋಸ್ಟ್‌ಗ್ರೆಸ್ಸಿನ ನೆನಪೂ ಹೀಗೇ ಬೇರೆ ಬೇರೆ ಆಯುಷ್ಯದ ಹಲಗೆಗಳಾಗಿ ಹಂಚಿಹೋಗಿದೆ. ಇವನ್ನು ಮೆಮೊರಿ ಕಾಂಟೆಕ್ಸ್ಟ್ ಎನ್ನುತ್ತಾರೆ. ಪಟ್ಟಿಯ ಒಂದು ಸಾಲಿನ ಲೆಕ್ಕ ಮುಗಿಯುತ್ತಲೇ ಒರೆಸುವ ಹಲಗೆ ಒಂದು; ಒಂದು ಪ್ರಶ್ನೆಗೆ ಉತ್ತರ ಕೊಡುವವರೆಗೆ ಇರುವುದು ಇನ್ನೊಂದು; ಸಂಪರ್ಕ ಇರುವ ತನಕ ಉಳಿಯುವುದು ಮತ್ತೊಂದು. ‘ಪ್ಯಾಲಾಕ್’ ಎಂದು ಜಾಗ ಕೇಳಿದರೆ, ಆ ಹೊತ್ತಿನಲ್ಲಿ ಯಾವ ಹಲಗೆಯ ಮುಂದೆ ನಿಂತಿದ್ದೀರೋ ಅದರಲ್ಲೇ ಜಾಗ ಸಿಗುತ್ತದೆ.

ಈ ಏರ್ಪಾಡು ಸುಮ್ಮನೆ ಬಂದದ್ದಲ್ಲ. 7.0ನೆಯ ಆವೃತ್ತಿಯವರೆಗೆ ದೊಡ್ಡ ಪ್ರಶ್ನೆಗಳನ್ನು ಬಿಡಿಸುವಾಗ ಬಳಸಿಬಿಟ್ಟ ಜಾಗ ಮರಳಿ ಸಿಗದೆ ನೆನಪು ಸೋರಿಹೋಗುತ್ತಿತ್ತು. ಸಾಲಿಗೊಮ್ಮೆ ಒರೆಸುವ ಹಲಗೆಯ ವ್ಯವಸ್ಥೆಯನ್ನು 2001ರಲ್ಲಿ ಬಂದ 7.1ನೆಯ ಆವೃತ್ತಿಗಾಗಿ ಹೊಸದಾಗಿ ರೂಪಿಸಿದರು.

ಇನ್ನು ಇದರಲ್ಲಿ ಎಡವುವ ಬಗೆಗಳು. ಮೊದಲನೆಯದು, ನಾಳೆಗೆ ಬೇಕಾದ್ದನ್ನು ಪೀರಿಯಡ್ಡಿನ ಹಲಗೆಯ ಮೇಲೆ ಬರೆಯುವುದು. ಮುಂದಿನ ಮೇಷ್ಟ್ರು ಬಂದು ಒರೆಸುತ್ತಾರೆ. ಆಮೇಲೆ ನೀವು ಬಂದು ಓದಿದರೆ ಅಲ್ಲಿರುವುದು ಅವರ ಬೀಜಗಣಿತ. ವಿಚಿತ್ರವೆಂದರೆ, ಒರೆಸಿದ ಮೇಲೂ ಬೇರೆ ಯಾರೂ ಬರೆಯದಿದ್ದರೆ ನಿಮ್ಮ ಅಕ್ಷರ ಮಸುಕಾಗಿ ಉಳಿದಿರುತ್ತದೆ. ಆಗ ತಪ್ಪು ಇದ್ದೂ ಉತ್ತರ ಸರಿ ಬರುತ್ತದೆ! ವಿಸ್ತರಣೆ ತನ್ನೊಳಗಿನಿಂದಲೇ ಡೇಟಾಬೇಸಿಗೆ ಇನ್ನೊಂದು ಪ್ರಶ್ನೆ ಕೇಳಿ, ಬಂದ ಉತ್ತರವನ್ನು ನಕಲು ಮಾಡಿಕೊಳ್ಳದೆ ಹಾಗೆಯೇ ಹೊರಗೆ ಕೊಡಲು ಹೋದಾಗ ಈ ತಪ್ಪು ಬಹಳ ಆಗುತ್ತದಂತೆ. ಕೆಲಸ ಮುಗಿಯಿತು ಎಂದು ಹೇಳಿದೊಡನೆ ಆ ಹಲಗೆಯನ್ನೇ ಎತ್ತಿಕೊಂಡು ಹೋಗುತ್ತಾರೆ.

ಎರಡನೆಯದು ಇದಕ್ಕೆ ತದ್ವಿರುದ್ಧ. ಒರೆಸಿಹೋಗುವ ಭಯದಿಂದ ಎಲ್ಲವನ್ನೂ ನೋಟಿಸ್ ಬೋರ್ಡಿಗೆ ಅಂಟಿಸುವುದು. ನೂರು ಸಾಲಿಗೆ ಏನೂ ಆಗದು. ಕೋಟಿ ಸಾಲಾದಾಗ ಬೋರ್ಡು ತುಂಬಿ ಗೋಡೆ ತುಂಬಿ, ಕೊನೆಗೆ ಯಂತ್ರವೇ ನಿಲ್ಲುತ್ತದೆ.

ಮೂರನೆಯದು, ಶಾಲೆಯ ಹಲಗೆ ಬಿಟ್ಟು ಸಿ ಭಾಷೆಯ ‘ಮ್ಯಾಲಾಕ್’ನಿಂದ ಬೇರೆ ಜಾಗ ತರುವುದು. ನಾವೇ ತಂದದ್ದು, ನಾವೇ ಹಿಂದಿರುಗಿಸುತ್ತೇವೆ ಎಂಬ ಧೈರ್ಯ. ಆದರೆ ನಡುವೆ ಏನಾದರೂ ದೋಷ ಕಂಡರೆ ಪೋಸ್ಟ್‌ಗ್ರೆಸ್ ಇದ್ದಲ್ಲಿಂದಲೇ ಹೊರಕ್ಕೆ ಜಿಗಿಯುತ್ತದೆ. ಹಿಂದಿರುಗಿಸುವ ಸಾಲಿಗೆ ಬರುವುದೇ ಇಲ್ಲ. ಹಲಗೆಯ ಮೇಲಿನದಾದರೆ ತಾನಾಗಿ ಒರೆಸಿಹೋಗುತ್ತಿತ್ತು. ಹೊರಗಿನಿಂದ ತಂದದ್ದಕ್ಕೆ ವಾರಸುದಾರರಿಲ್ಲ.

“ಈ ಮೂರೂ ನನಗೆ ಗೊತ್ತಿತ್ತು ಸಾರ್. ನಾನು ಬಿದ್ದದ್ದು ನಾಲ್ಕನೆಯದರಲ್ಲಿ” ಎಂದ ಶಿಷ್ಯ.

ಅವರ ವಿಸ್ತರಣೆಯಲ್ಲಿ ಒಂದು ಸರ್ವೆ ನಂಬರಿಗೆ ಮೂರು ಅಂಗ. ಮೊದಲು ಮುಖ್ಯ ಸಂಖ್ಯೆ, ಅದಕ್ಕೆ ನಾಲ್ಕು ಬೈಟ್ ಜಾಗ. ನಡುವೆ ಬರಬಹುದಾದ ಒಂದು ಅಕ್ಷರ, ಅದಕ್ಕೆ ಒಂದು ಬೈಟ್. ಕೊನೆಗೆ ಹಿಸ್ಸಾ ಸಂಖ್ಯೆ, ಅದಕ್ಕೂ ನಾಲ್ಕು. ಒಟ್ಟು ಒಂಬತ್ತು ಬೈಟ್ ಸಾಕು ಎಂದು ನಮ್ಮ ಐದನೆಯ ತರಗತಿಯ ಹುಡುಗನೂ ಹೇಳುತ್ತಾನೆ. ಆದರೆ ಗಣಕ ತೆಗೆದುಕೊಳ್ಳುವುದು ಹನ್ನೆರಡು! ನಾಲ್ಕು ಬೈಟಿನ ಸಂಖ್ಯೆಯನ್ನು ನಾಲ್ಕರ ಮಗ್ಗಿಯ ಮನೆಯಲ್ಲೇ ಕೂರಿಸುವುದು ಅದರ ಪದ್ಧತಿ. ಸೊನ್ನೆ, ನಾಲ್ಕು, ಎಂಟು, ಹೀಗೆ. ಅಕ್ಷರ ನಾಲ್ಕನೆಯ ಮನೆಯಲ್ಲಿ ಕೂತರೆ ಹಿಸ್ಸಾ ಸಂಖ್ಯೆ ಎಂಟಕ್ಕೆ ಹೋಗಬೇಕು. ಐದು, ಆರು, ಏಳು ಖಾಲಿ ಉಳಿಯುತ್ತವೆ.

ಖಾಲಿ ಎಂದರೆ ನಿಜವಾಗಿ ಖಾಲಿಯೇ? ಅಲ್ಲ. ‘ಪ್ಯಾಲಾಕ್’ ಕೊಡುವ ಜಾಗವನ್ನು ಹಿಂದೆ ಇನ್ನಾರೋ ಬಳಸಿರಬಹುದು. ಅವರ ಕಸ ಆ ಮೂರು ಮನೆಗಳಲ್ಲಿ ಹಾಗೆಯೇ ಇರುತ್ತದೆ. ಹಿರಿಯರು ಅದಕ್ಕೇ ಮೊದಲು ಹನ್ನೆರಡೂ ಮನೆಗಳಿಗೆ ಸೊನ್ನೆ ತುಂಬಿ ಆಮೇಲೆ ಮೂರು ಅಂಗ ಬರೆದಿದ್ದರು. ಸೊನ್ನೆ ತುಂಬುವ ಆ ಒಂದು ಸಾಲು ನಮ್ಮ ಹುಡುಗನಿಗೆ ದಂಡವಾಗಿ ಕಂಡಿತು. ಮುಂದಿನ ಮೂರು ಸಾಲಿನಲ್ಲಿ ಎಲ್ಲವನ್ನೂ ಬರೆಯುತ್ತೇವಲ್ಲ, ಬರೆಯುವ ಮುಂಚೆ ಒರೆಸುವುದೇಕೆ? ಸಾಲಿನ ಪಕ್ಕದಲ್ಲಿ ಕಾರಣವೇನೂ ಬರೆದಿರಲಿಲ್ಲ. ಅಳಿಸಿದ. ಪರೀಕ್ಷಿಸಿ ನೋಡಿದ, ಎಲ್ಲವೂ ಸರಿಯಾಗಿತ್ತು.

ಸರಿಯಾಗಿ ಕಾಣಲು ಎರಡು ಕಾರಣ. ಹೊಸದಾಗಿ ಶುರುವಾದ ಯಂತ್ರದಲ್ಲಿ ಇನ್ನೂ ಯಾರೂ ಬಳಸದ ನೆನಪು ಸಾಮಾನ್ಯವಾಗಿ ಸೊನ್ನೆಯಾಗಿಯೇ ಸಿಗುತ್ತದೆ. ಎರಡನೆಯದು ಇನ್ನೂ ಸೂಕ್ಷ್ಮ. ಅವನು ಪರೀಕ್ಷೆಗೆ ಇಟ್ಟದ್ದು ಹತ್ತಿಪ್ಪತ್ತು ಸಾಲು. ಅಷ್ಟಕ್ಕೆ ಡೇಟಾಬೇಸ್ ಒಂದೊಂದನ್ನೂ ಇನ್ನೊಂದರ ಪಕ್ಕ ಇಟ್ಟು ನೋಡಿತು. ಹಾಗೆ ನೋಡುವಾಗ ಮೂರು ಅಂಗಗಳನ್ನು ಮಾತ್ರ ಹೋಲಿಸುತ್ತದೆ. ಕಸ ಕಣ್ಣಿಗೆ ಬೀಳುವುದಿಲ್ಲ. ಸಂಘದಲ್ಲಿ ಇದ್ದದ್ದು ಲಕ್ಷಾಂತರ ಸಾಲು. ಅಲ್ಲಿ ಅದು ಅಂಚೆ ಕಚೇರಿಯವರ ದಾರಿ ಹಿಡಿಯಿತು. ಅಂಚೆಯವರು ಪ್ರತಿ ಕಾಗದವನ್ನೂ ಪ್ರತಿ ಮನೆಗೆ ಒಯ್ದು ನೋಡುತ್ತಾರೆಯೇ? ಮೊದಲು ಗೂಡುಗಳಿಗೆ ವಿಂಗಡಿಸುತ್ತಾರೆ. ಡೇಟಾಬೇಸೂ ಸರ್ವೆ ನಂಬರಿನ ಬೈಟುಗಳನ್ನೆಲ್ಲ ಕಲಸಿ ಒಂದು ಸಂಖ್ಯೆ ತೆಗೆದು, ಆ ಸಂಖ್ಯೆಯ ಗೂಡಿಗೆ ಹಾಕುತ್ತದೆ. ಇದಕ್ಕೆ ಹ್ಯಾಷ್ ಎಂದು ಹೆಸರು. ಕಲಸುವಾಗ ಹನ್ನೆರಡು ಬೈಟನ್ನೂ ಕಲಸಿತು, ಕಸದ ಮೂರನ್ನೂ ಸೇರಿಸಿ! ಒಂದು 112/2 ಒಂದು ಗೂಡಿಗೆ, ಇನ್ನೊಂದು 112/2 ಬೇರೆ ಗೂಡಿಗೆ. ಒಂದನ್ನೊಂದು ನೋಡಲೇ ಇಲ್ಲ.

ಹಳೆಯ ಸಾಲುಗಳೆಲ್ಲ ಸೊನ್ನೆ ತುಂಬಿದ ಕಾಲದವು, ಅವು ಸರಿಯಾಗಿದ್ದವು. ಮಾಯವಾದವು ಸಾಲು ಅಳಿಸಿದ ಮೇಲೆ ದಾಖಲಾದ ಹೊಸ ಹೆಸರುಗಳು, ಅವುಗಳಲ್ಲೂ ಕೆಲವು ಮಾತ್ರ. ಈ ಸುಳಿವಿನಿಂದಲೇ ಅವನು ಕೊನೆಗೆ ಹಿಡಿದದ್ದು. ಅಳಿಸಿದ ಸಾಲನ್ನು ಮರಳಿ ಹಾಕಿದ. ಅಷ್ಟರಿಂದ ಮುಗಿಯಲಿಲ್ಲ. ಆಗಲೇ ಡಿಸ್ಕಿಗೆ ಹೋಗಿ ಕೂತ ಕಸ ಅಲ್ಲೇ ಇತ್ತು. ಆ ನಂಬರುಗಳನ್ನೆಲ್ಲ ಅಕ್ಷರವಾಗಿ ಹೊರತೆಗೆದು ಮತ್ತೆ ಒಳಗೆ ಬರೆಯಬೇಕಾಯಿತು.

“ಇದು ಪುಸ್ತಕದಲ್ಲಿ ಇಲ್ಲವೇನಪ್ಪಾ?” ಎಂದು ಕೇಳಿದೆ.

“ಇದೆ ಸಾರ್, ಅದೇ ಬೇಜಾರು. ಪೋಸ್ಟ್‌ಗ್ರೆಸ್ಸಿನ ಕೈಪಿಡಿಯಲ್ಲೇ ಇದೆ. ಸಿ ಭಾಷೆಯಲ್ಲಿ ಬರೆಯುವವರು ನೆನಪಿನ ಜಾಗವನ್ನು ಸೊನ್ನೆ ಮಾಡಿಕೊಳ್ಳಿ, ಸಂದುಗಳಲ್ಲಿ ಕಸ ಉಳಿದೀತು, ಹ್ಯಾಷ್ ಕೆಟ್ಟೀತು ಅಂತ ಕಾರಣ ಸಮೇತ ಬರೆದಿದ್ದಾರೆ. ನಾನು ಓದಿದ್ದೆ ಕೂಡ. ಆದರೆ ಆ ಸಾಲನ್ನು ಅಳಿಸುವಾಗ ಇದೇ ಅದು ಅಂತ ಹೊಳೆಯಲಿಲ್ಲ.”

ನಾನು ನಗಲಿಲ್ಲ. ನನಗೆ ನನ್ನದೇ ಒಂದು ಕಥೆ ನೆನಪಾಗಿತ್ತು.

ನಾನು ಕೆಲಸಕ್ಕೆ ಸೇರಿದ ಹೊಸತು. ನನಗಿಂತ ಹಿಂದೆ ಇದ್ದ ವಿಜ್ಞಾನದ ಮೇಷ್ಟ್ರು ನಿವೃತ್ತರಾಗುವಾಗ ಪ್ರಯೋಗಾಲಯದ ಬೀಗದ ಕೈ ಜೊತೆಗೆ ಒಂದು ಉದ್ದನೆಯ ನೋಟ್ ಪುಸ್ತಕ ಕೊಟ್ಟು ಹೋಗಿದ್ದರು. ಅದರಲ್ಲಿ ದುಂಡಗಿನ ಅಕ್ಷರದಲ್ಲಿ ನಿಯಮಗಳು. “ನೀರಿಗೆ ಆಮ್ಲ ಹಾಕಿ, ಆಮ್ಲಕ್ಕೆ ನೀರು ಹಾಕಬೇಡಿ.” “ಸೋಡಿಯಂ ಸೀಮೆಎಣ್ಣೆಯಲ್ಲೇ ಇರಲಿ.” “ಪ್ರನಾಳಗಳನ್ನು ತೊಳೆದ ಮೇಲೆ ಕೊನೆಗೆ ಬಟ್ಟಿ ಇಳಿಸಿದ ನೀರಿನಲ್ಲಿ ಎರಡು ಬಾರಿ.” ಹೀಗೆ.

ಮೊದಲಿನ ಎರಡನ್ನು ಪಾಲಿಸಿದೆ. ಮೂರನೆಯದು ಅತಿ ಎನ್ನಿಸಿತು. ಬೋರ್‌ವೆಲ್ ನೀರಿನಲ್ಲಿ ತೊಳೆದು ಪ್ರನಾಳ ಫಳಫಳ ಹೊಳೆಯುತ್ತಿದೆ, ಮತ್ತೆ ತೊಳೆಯುವುದೇಕೆ? ಬಟ್ಟಿ ಇಳಿಸಿದ ನೀರನ್ನು ಪೇಟೆಯ ಬ್ಯಾಟರಿ ಅಂಗಡಿಯಿಂದ ಕಾಸು ಕೊಟ್ಟು ತರಬೇಕು. ನಿಲ್ಲಿಸಿಬಿಟ್ಟೆ.

ಒಂದು ದಿನ ಹತ್ತನೆಯ ತರಗತಿಯ ಮಕ್ಕಳಿಗೆ ಲವಣಗಳನ್ನು ಕೊಟ್ಟು ಕ್ಲೋರೈಡ್ ಇದೆಯೇ ಎಂದು ಪರೀಕ್ಷಿಸಲು ಹೇಳಿದೆ. ಸಿಲ್ವರ್ ನೈಟ್ರೇಟ್ ದ್ರಾವಣ ಹಾಕಿದಾಗ ಬಿಳಿಯ ಒತ್ತರ ಬಂದರೆ ಕ್ಲೋರೈಡ್. ಒಬ್ಬ ಹುಡುಗಿಗೆ ಕೊಟ್ಟದ್ದು ಪೊಟ್ಯಾಸಿಯಂ ನೈಟ್ರೇಟ್. ಅದರಲ್ಲಿ ಕ್ಲೋರೈಡ್ ಇಲ್ಲ. ಅವಳು “ಹಾಲಿನಂತೆ ಮಸುಕಾಯಿತು, ಕ್ಲೋರೈಡ್ ಇದೆ” ಎಂದು ಬರೆದಳು. ಪಕ್ಕದವನ ಪ್ರನಾಳ ನೋಡಿ ಬರೆದಿದ್ದೀಯೆ ಎಂದು ಗದರಿಸಿ ಸೊನ್ನೆ ಹಾಕಿದೆ. ಅವಳು ಎದುರು ಮಾತಾಡಲಿಲ್ಲ. ತಿಂಗಳುಗಳ ನಂತರ ನಾನೇ ಪ್ರಯೋಗ ಮಾಡುವಾಗ, ಬರೀ ಬಟ್ಟಿ ಇಳಿಸಿದ ನೀರಿಗೆ ಸಿಲ್ವರ್ ನೈಟ್ರೇಟ್ ಹಾಕಿದರೂ ಪ್ರನಾಳ ಮಸುಕಾಯಿತು. ನಮ್ಮ ಬೋರ್‌ವೆಲ್ ನೀರಿನಲ್ಲೇ ಕ್ಲೋರೈಡ್ ಇದೆ. ತೊಳೆದ ಪ್ರನಾಳದ ತಳದಲ್ಲಿ ಉಳಿದ ನಾಲ್ಕು ಹನಿ ಸಾಕು. ಹುಡುಗಿ ಕಂಡದ್ದನ್ನೇ ಬರೆದಿದ್ದಳು. ತಪ್ಪು ಬರೆದವನು ನಾನು. ಅಷ್ಟರಲ್ಲಿ ಅವಳು ಶಾಲೆ ಮುಗಿಸಿ ಹೋಗಿಯಾಗಿತ್ತು.

ಪ್ರನಾಳದ ತಳದ ಹನಿಯೂ ಒಂದೇ, ನಡುವಿನ ಮೂರು ಬೈಟೂ ಒಂದೇ.

ಯೋಚಿಸಿ ನೋಡಿದರೆ, ಆಮ್ಲದ ನಿಯಮ ಬರೆಯದಿದ್ದರೂ ನಡೆದೀತು. ಆಮ್ಲಕ್ಕೆ ನೀರು ಹಾಕಿದವನಿಗೆ ಅದು ಅಲ್ಲೇ ಸಿಡಿದು ಪಾಠ ಹೇಳುತ್ತದೆ, ಜೀವಮಾನದಲ್ಲಿ ಮರೆಯುವುದಿಲ್ಲ. ಆದರೆ ಪ್ರನಾಳದ ನಿಯಮ ಹಾಗಲ್ಲ. ತಪ್ಪು ಮಾಡಿದವನು ಒಬ್ಬ, ಅನುಭವಿಸುವವರು ಇನ್ನೊಬ್ಬರು. ತಪ್ಪು ಇಂದು, ಫಲ ಮೂರು ತಿಂಗಳಿಗೆ. ಇಂಥಲ್ಲಿ ಅನುಭವ ಎಂಬ ಮೇಷ್ಟ್ರು ರಜೆಯಲ್ಲಿರುತ್ತಾರೆ. ಅವರ ಬದಲಿಗೆ ಪಾಠ ಮಾಡಬೇಕಾದದ್ದು ಬರವಣಿಗೆ. ನೆನಪಿನ ನಿರ್ವಹಣೆಯ ತಪ್ಪುಗಳೆಲ್ಲ ಈ ಎರಡನೆಯ ಜಾತಿಯವು. ಒರೆಸಿದ ಹಲಗೆಯಲ್ಲಿ ಅಕ್ಷರ ಮಸುಕಾಗಿ ಉಳಿಯುವುದು, ಹೊಸ ಜಾಗ ಅದೃಷ್ಟಕ್ಕೆ ಸೊನ್ನೆಯಾಗಿರುವುದು, ನೂರು ಸಾಲಿಗೆ ಸೋರಿಕೆ ಕಾಣದಿರುವುದು, ಎಲ್ಲವೂ ತಪ್ಪನ್ನು ಮುಚ್ಚಿಡುವಂಥವೇ.

ಬರೆಯುವುದು ಹೇಗೆ ಎಂಬುದೂ ಮುಖ್ಯ. “ಸೊನ್ನೆ ತುಂಬಿ” ಎಂಬುದು ಬರೀ ಅಪ್ಪಣೆ. ಬುದ್ಧಿವಂತರು ಅಪ್ಪಣೆಯನ್ನು ಪ್ರಶ್ನಿಸುತ್ತಾರೆ. ನಾವೇ ಅವರಿಗೆ ಹಾಗೆ ಕಲಿಸಿದ್ದೇವೆ. ಆದ್ದರಿಂದ ಅವನಿಗೆ ಲ್ಯಾಬ್ ರೆಕಾರ್ಡಿನ ಹಾಗೆ ಬರೆ ಎಂದೆ. ಏನು ಮಾಡಿದೆ, ಏನು ಕಂಡಿತು, ಎಷ್ಟು ದಿನದ ಮೇಲೆ ಕಂಡಿತು, ಕಾರಣವೇನು, ಮತ್ತೆ ಆಗದಂತೆ ಪರೀಕ್ಷಿಸುವುದು ಹೇಗೆ. ಅದರಲ್ಲೂ ‘ಏನು ಕಂಡಿತು’ ಎಂಬುದೇ ಮೊದಲು ಬರಲಿ. ಕಷ್ಟದಲ್ಲಿರುವವನು ಹುಡುಕಿಕೊಂಡು ಬರುವುದು ಲಕ್ಷಣ ಹಿಡಿದೇ ಹೊರತು ರೋಗದ ಹೆಸರು ಹಿಡಿದಲ್ಲ. ಎರಡು ಸಮಾನ ನಂಬರು ಜೋಡಿಯಾಗುತ್ತಿಲ್ಲ ಎಂದು ಹುಡುಕುವವನಿಗೆ ‘ಸಂದುಗಳ ಕಸ’ ಎಂಬ ಶೀರ್ಷಿಕೆ ಏನು ಹೇಳೀತು? ಇನ್ನೊಂದು ಮಾತು: ಕಾರಣ ಕೈಪಿಡಿಯಲ್ಲಿ ಇದ್ದರೆ ಸಾಲದು, ಆ ಸಾಲಿನ ಪಕ್ಕದಲ್ಲೇ ಇರಬೇಕು. ವಿಷದ ಬಾಟಲಿಯ ಚೀಟಿಯನ್ನು ಬಾಟಲಿಗೆ ಅಂಟಿಸುತ್ತೇವೆ, ಬೀರುವಿನ ಪುಸ್ತಕಕ್ಕಲ್ಲ.

ಪರೀಕ್ಷೆಗೂ ಒಳ್ಳೆಯ ಉಪಾಯಗಳಿವೆ ಎಂದು ಅವನು ಹೇಳಿದ. ಪೋಸ್ಟ್‌ಗ್ರೆಸ್ಸನ್ನು ತಪಾಸಣೆಗಾಗಿ ವಿಶೇಷವಾಗಿ ಕಟ್ಟಿಕೊಂಡರೆ, ಬಿಟ್ಟುಕೊಟ್ಟ ಜಾಗದ ಪ್ರತಿ ಬೈಟಿನ ಮೇಲೂ ಅದು 127 ಎಂಬ ಸಂಖ್ಯೆ ಬರೆದುಬಿಡುತ್ತದೆ. ಒರೆಸಿದ ಹಲಗೆಗೆ ಸುಣ್ಣ ಬಳಿದ ಹಾಗೆ, ಮಸುಕು ಅಕ್ಷರ ಉಳಿಯುವ ಮಾತಿಲ್ಲ. ಇನ್ನೊಂದು ಏರ್ಪಾಡಿನಲ್ಲಿ ಹೊಸದಾಗಿ ಕೊಡುವ ಜಾಗಕ್ಕೇ ಬೇಕೆಂದು ಕಸ ತುಂಬಿ ಕೊಡುತ್ತದೆ. ಬಹಳ ನಿಧಾನ, ಆದರೆ ಇವನ ತಪ್ಪು ಮೊದಲ ದಿನವೇ ಹೊರಗೆ ಬೀಳುತ್ತಿತ್ತು. 2021ರಲ್ಲಿ ಬಂದ 14ನೆಯ ಆವೃತ್ತಿಯಿಂದ, ಯಾವ ಹಲಗೆ ಎಷ್ಟು ಜಾಗ ಹಿಡಿದಿದೆ ಎಂದು ಡೇಟಾಬೇಸನ್ನೇ ಕೇಳಿ ತಿಳಿಯಬಹುದು. ಸೋರಿಕೆ ಹಿಡಿಯಲು ಅದು ಅನುಕೂಲ.

ಹೊರಡುವ ಹೊತ್ತಿಗೆ ಅವನ ಮುಖ ಸ್ವಲ್ಪ ತಿಳಿಯಾಗಿತ್ತು. ಎರಡನೆಯ ಸಲ ಬಿಸಿ ಮಾಡಿ ಕೊಟ್ಟ ಕಾಫಿ ಕುಡಿದ. ಅಜ್ಜಿಯ ಹೆಸರು ಪಟ್ಟಿಗೆ ಬಂತೇ ಎಂದು ಕೇಳಿದೆ. ಬಂತಂತೆ. ಬಸ್ ಚಾರ್ಜು ಮಾತ್ರ ವಾಪಸು ಬರಲಿಲ್ಲ ಎಂದ.

ಮರುವಾರ ಅವನಿಂದ ನಾಲ್ಕು ಪುಟದ ಟಿಪ್ಪಣಿ ಬಂತು, ತನ್ನ ಜೊತೆಯವರಿಗಾಗಿ ಬರೆದದ್ದು. ಮೊದಲ ಸಾಲಿನಲ್ಲೇ “ಈ ತಪ್ಪು ಮಾಡಿದವನು ನಾನು” ಎಂದಿತ್ತು. ಓದಿದ ಮೇಲೆ ಪ್ರಯೋಗಾಲಯದ ಬೀರುವಿನಿಂದ ಆ ಹಳೆಯ ನೋಟ್ ಪುಸ್ತಕ ತೆಗೆದೆ. ಹಾಳೆಗಳು ಹಳದಿಯಾಗಿವೆ. “ಬಟ್ಟಿ ಇಳಿಸಿದ ನೀರಿನಲ್ಲಿ ಎರಡು ಬಾರಿ” ಎಂಬ ಸಾಲಿನ ಕೆಳಗೆ ಜಾಗವಿತ್ತು. ಇಷ್ಟು ವರ್ಷ ನಾನೂ ಅಲ್ಲಿ ಏನೂ ಬರೆದಿರಲಿಲ್ಲ. ನಮ್ಮ ಬೋರ್‌ವೆಲ್ ನೀರಿನಲ್ಲಿ ಕ್ಲೋರೈಡ್ ಇದೆ ಎಂದು ಬರೆದೆ. ಅದರ ಕೆಳಗೆ ಆ ಹುಡುಗಿಯ ಸೊನ್ನೆಯ ಸಂಗತಿಯನ್ನೂ ಬರೆದೆ. ಇನ್ನು ಕೆಲವೇ ವರ್ಷಗಳಲ್ಲಿ ಬೀಗದ ಕೈ ಇನ್ನೊಬ್ಬರ ಕೈಗೆ ಹೋಗುತ್ತದೆ.